ಕರಗದ ರಾತ್ರಿ ಬಂದ ನಿದ್ದೆ

ಬೆಂಗಳೂರಿನ ಕಬ್ಬನ್‌ಪೇಟೆಯ ಮನೆ ಬಿಟ್ಟು ಕನಕಪುರ ರಸ್ತೆಯ ಕಡೆ ಮಗನ ಫ್ಲ್ಯಾಟಿಗೆ ಬಂದಾಗ ನೆಂಟರೆಲ್ಲ ಹೇಳಿದ್ದು ಒಂದೇ ಮಾತು: "ಇನ್ನು ನಿಮಗೆ ಸುಖನಿದ್ದೆ." ಒಂಬತ್ತನೆಯ ಮಹಡಿ. ಗಾಜಿನ ಕಿಟಕಿ ಎಳೆದರೆ ರಸ್ತೆಯ ಗದ್ದಲ ಹೊರಗೇ ಉಳಿಯುತ್ತದೆ. ಪಕ್ಕದ ಮನೆಯವರು ಬದುಕಿದ್ದಾರೋ ಇಲ್ಲವೋ ಎಂಬುದು ಬಾಗಿಲಲ್ಲಿ ಬಿದ್ದ ಪತ್ರಿಕೆಯಿಂದ ಮಾತ್ರ ಗೊತ್ತಾಗಬೇಕು. ನನ್ನ ಕಿವಿಯೊಳಗೆ ಒಂದು ಸದ್ದು ಮನೆ ಮಾಡಿಕೊಂಡಿದೆ ಎಂದು ನನಗೆ ತಿಳಿದದ್ದು ಅಲ್ಲಿಗೆ ಬಂದ ಮೇಲೆ.

ಸೀಟಿ ಹೊಡೆಯುವ ಮುನ್ನ ಕುಕ್ಕರ್ ಸುಯ್ಯೆನ್ನುತ್ತದಲ್ಲ, ಅಂಥದ್ದು. ಆದರೆ ಸೀಟಿ ಬರುವುದೇ ಇಲ್ಲ.

ನಮ್ಮದು ಮಗ್ಗದ ಮನೆ. ಕೆಳಗೆ ಪವರ್‌ಲೂಮ್, ಮೇಲೆ ಸಂಸಾರ. ಲಾಳಿ ಈ ಪೆಟ್ಟಿಗೆಯಿಂದ ಆ ಪೆಟ್ಟಿಗೆಗೆ ಬಡಿದುಕೊಂಡು ಓಡಾಡುವ ಸದ್ದು, ತಲೆಯ ಮೇಲೆ ಸೀರೆಗೆ ಚಿತ್ತಾರ ಮೂಡಿಸುವ ಜಕಾರ್ಡ್ ಏರಿ ಇಳಿಯುವ ಸದ್ದು, ಇವುಗಳ ನಡುವೆಯೇ ಉಂಡು, ಓದಿ, ಮದುವೆಯಾಗಿ, ಮಕ್ಕಳನ್ನು ಬೆಳೆಸಿದೆವು. ಮಗ್ಗದ ಮುಂದೆ ಬಾಯಿಮಾತಿಗಿಂತ ಕೈಸನ್ನೆಯೇ ಹೆಚ್ಚು. ಕರೆಂಟ್ ಹೋಗಿ ಮಗ್ಗ ನಿಂತರೆ ತೊಟ್ಟಿಲಲ್ಲಿದ್ದ ಮಗು ಬೆಚ್ಚಿ ಏಳುತ್ತಿತ್ತು. ಪವರ್‌ಲೂಮ್ ಓಡುವ ಕೋಣೆಯಲ್ಲಿ ಸದ್ದು 90 ಡೆಸಿಬೆಲ್ ದಾಟುವುದು ಮಾಮೂಲು. ದಿನಕ್ಕೆ ಎಂಟು ಗಂಟೆ ಕೆಲಸ ಮಾಡುವವರಿಗೆ ಕಾರ್ಖಾನೆಯ ನಿಯಮಗಳು ಹಾಕಿರುವ ಮೇರೆಯೇ ಅಷ್ಟು. ಮನೆಯೇ ಕಾರ್ಖಾನೆಯಾದವರಿಗೆ ಯಾವ ಎಂಟು ಗಂಟೆ, ಯಾವ ಮೇರೆ?

ಕಿವಿ ಡಾಕ್ಟರು ಮೊದಲು ಕೇಳಿದ್ದು ಮೂರು ನಾಲ್ಕು ಪ್ರಶ್ನೆ. ಸದ್ದು ಒಂದೇ ಕಿವಿಯಲ್ಲಿ ಇದೆಯೇ? ನಾಡಿ ಬಡಿದ ಹಾಗೆ ತಾಳಬದ್ಧವಾಗಿ ಬರುತ್ತದೆಯೇ? ತಲೆ ಸುತ್ತುತ್ತದೆಯೇ? ಕೇಳುವುದು ಇದ್ದಕ್ಕಿದ್ದಂತೆ ಕಡಿಮೆಯಾಯಿತೇ? ಇವುಗಳಲ್ಲಿ ಯಾವುದಕ್ಕೆ ಹೌದು ಎಂದಿದ್ದರೂ ಬೇರೆ ತಪಾಸಣೆಗಳಿಗೆ ಓಡಬೇಕಿತ್ತಂತೆ. ನುಂಗುವ ಮಾತ್ರೆಗಳ ಪಟ್ಟಿಯನ್ನೂ ನೋಡಿದರು. ಕೆಲವು ಆಂಟಿಬಯೋಟಿಕ್‌ಗಳು, ಹೆಚ್ಚಿನ ಪ್ರಮಾಣದ ಆಸ್ಪಿರಿನ್ ಕೂಡ ಕಿವಿಯಲ್ಲಿ ಸದ್ದು ಎಬ್ಬಿಸುತ್ತವೆ. ಗುಗ್ಗೆ ಕಟ್ಟಿದ್ದರೆ ತೆಗೆದುಹಾಕಿ ಮುಗಿಸಬಹುದಿತ್ತು. ನನ್ನ ಕಿವಿಯಲ್ಲಿ ಅದೂ ಇರಲಿಲ್ಲ. "ಇದನ್ನು ನಿಲ್ಲಿಸುವ ಮಾತ್ರೆ ಇಲ್ಲ" ಎಂದು ನೇರವಾಗಿ ಹೇಳಿ ಶ್ರವಣ ಪರೀಕ್ಷೆಗೆ ಬರೆದುಕೊಟ್ಟರು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಬಿಡಿ ಎಂದು ಅಷ್ಟರಲ್ಲಾಗಲೇ ಅರ್ಧ ಪೇಟೆ ನನಗೆ ಹೇಳಿತ್ತು. ಇಲ್ಲ ಎನ್ನುವ ಡಾಕ್ಟರ ಮೇಲೆ ನನಗೆ ಹೆಚ್ಚು ವಿಶ್ವಾಸ ಬಂತು.

ಪರೀಕ್ಷೆಯ ಕೋಣೆ ನೋಡುವಂಥದ್ದು. ಒಬ್ಬರು ಕೂರುವಷ್ಟೇ ಜಾಗ, ಗೋಡೆಗೆಲ್ಲ ತೂತು ತೂತಿನ ಹಲಗೆ, ದಪ್ಪ ಬಾಗಿಲು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಕೈಗೊಂದು ಗುಂಡಿ ಕೊಟ್ಟು, "ಸದ್ದು ಕೇಳಿಸಿದಾಗ ಒತ್ತಿ ಸರ್" ಎಂದಳು ಪರೀಕ್ಷೆ ಮಾಡುವ ಹುಡುಗಿ. ನನ್ನ ಸಂಕಟ ಅವಳಿಗೇನು ಗೊತ್ತು? ನನಗೆ ಕೇಳಿಸದೇ ಇದ್ದರಲ್ಲವೇ ಒತ್ತದೇ ಇರುವುದು! ಸಣ್ಣ ದನಿಗಳು ಬಂದಂತೆ ಯಂತ್ರದ್ದು ಯಾವುದು, ನನ್ನದು ಯಾವುದು ಎಂದು ಬೇರೆಯಾಗಲೇ ಇಲ್ಲ. "ಸುಮ್ಮನಿದ್ದರೂ ಕೇಳಿಸುತ್ತಿದೆಯಮ್ಮ, ಏನು ಮಾಡಲಿ?" ಎಂದೆ. ಅವಳು ನಕ್ಕು ಯಂತ್ರದ ದನಿಯನ್ನು ಬಿಟ್ಟು ಬಿಟ್ಟು ಬರುವಂತೆ ಬದಲಿಸಿದಳು. ನನ್ನದು ಎಡೆಬಿಡದೆ ಇರುವಂಥದ್ದು. ಹಾಗಾಗಿ ತುಂಡು ತುಂಡಾಗಿ ಬಂದದ್ದೆಲ್ಲ ಅವಳದ್ದು ಎಂದು ಲೆಕ್ಕ ಸಿಕ್ಕಿತು.

ಆಮೇಲೆ ಯಾವ ಸ್ಥಾಯಿಯ ದನಿ ನನಗೆ ಎಷ್ಟು ಕೇಳಿಸುತ್ತದೆ ಎಂಬ ನಕ್ಷೆ ತೋರಿಸಿದಳು. ಗೆರೆ 2000 ಹರ್ಟ್ಸ್‌ವರೆಗೆ ಪರವಾಗಿಲ್ಲ ಎನ್ನುವಂತೆ ನಡೆದು 4000ದ ಹತ್ತಿರ ಹಳ್ಳಕ್ಕೆ ಬಿದ್ದಿತ್ತು. ಬಹಳ ವರ್ಷ ಗದ್ದಲದಲ್ಲಿ ದುಡಿದವರ ಕಿವಿ ಮೊದಲು ಸೋಲುವುದು ಅಲ್ಲಿಯೇ. ಒಳಗಿವಿಯಲ್ಲಿ ಸದ್ದು ಹಿಡಿಯುವ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಅಲ್ಲಿಂದ ಬರಬೇಕಾದ ಸುದ್ದಿ ನಿಂತುಹೋದಾಗ ಮಿದುಳು ತನ್ನ ಕಡೆಯಿಂದ ದನಿ ಏರಿಸಿಕೊಂಡು ಕೇಳಿಸಿಕೊಳ್ಳಲು ಹೊರಡುತ್ತದೆ. ಆ ಏರಿಸಿದ ದನಿಯೇ ಬಹುಪಾಲು ಜನರ ಕಿವಿಮೊರೆತ ಎಂದು ತಿಳಿದವರ ವಿವರಣೆ. 1953ರಲ್ಲಿ ಅಮೆರಿಕದ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬುವರು ಕಿವಿ ಸರಿಯಾಗಿದ್ದ 80 ಜನರನ್ನು ಸದ್ದು ನುಗ್ಗದ ಕೋಣೆಯಲ್ಲಿ ಕೂರಿಸಿದರು. ಅವರಲ್ಲಿ ನೂರಕ್ಕೆ 94 ಮಂದಿಗೆ ಏನೋ ಒಂದು ಸದ್ದು ಕೇಳಿಸಿತಂತೆ. ಇದನ್ನು ಕೇಳಿದಾಗ ನಮ್ಮ ಫ್ಲ್ಯಾಟಿನ ಗಾಜಿನ ಕಿಟಕಿಗಳು ಕಣ್ಣ ಮುಂದೆ ಬಂದವು.

ಇಷ್ಟು ತಿಳಿದರೂ ರಾತ್ರಿ ರಾತ್ರಿಯೇ. ಹನ್ನೊಂದಕ್ಕೆ ಮಲಗುವುದು, ಕಿವಿಯ ಕಡೆ ಗಮನ ಹೋಗುವುದು, ಒಂದಾಯಿತು, ಎರಡಾಯಿತು ಎಂದು ಗೋಡೆ ಗಡಿಯಾರ ನೋಡುವುದು, ಇನ್ನು ನಾಲ್ಕೇ ಗಂಟೆ ಉಳಿಯಿತು ಎಂದು ಲೆಕ್ಕ ಹಾಕಿ ಇನ್ನಷ್ಟು ಎಚ್ಚರವಾಗುವುದು. ನಿದ್ದೆ ಮಾತ್ರೆಯನ್ನು ಡಾಕ್ಟರು ಕೆಲವು ದಿನಕ್ಕಷ್ಟೇ ಕೊಟ್ಟು ನಿಲ್ಲಿಸಿದರು. ಈ ವಯಸ್ಸಿನಲ್ಲಿ ಅದರ ಮಂಪರಿನಲ್ಲಿ ಬಚ್ಚಲಿಗೆ ಎದ್ದು ಬಿದ್ದರೆ ಸೊಂಟದ ಮೂಳೆ ಹೋಗುತ್ತದೆ, ಕಿವಿಯ ಚಿಂತೆ ಆಮೇಲೆ ಉಳಿಯುವುದೇ ಇಲ್ಲ. ಸೊಸೆ ಮೊಬೈಲಿನಲ್ಲಿ ಮಳೆಯ ಸದ್ದು ಹಾಕಿಕೊಟ್ಟಳು. ಒಳ್ಳೆಯ ಮಳೆಯೇ, ಆದರೆ ಅದೇ ಗುಡುಗು ಸುತ್ತಿ ಸುತ್ತಿ ಬರುತ್ತಿತ್ತು. ಎರಡನೆಯ ಸುತ್ತಿನಿಂದ ನಾನು ಆ ಗುಡುಗಿಗೆ ಕಾಯತೊಡಗಿದೆ.

ಹೀಗಿರುವಾಗ ಚೈತ್ರದ ಹುಣ್ಣಿಮೆ ಬಂತು. ಪೇಟೆಯಲ್ಲಿ ಹುಟ್ಟಿದವರು ಎಲ್ಲಿದ್ದರೂ ಕರಗಕ್ಕೆ ಮನೆಗೆ ಹೋಗಬೇಕು. ಧರ್ಮರಾಯಸ್ವಾಮಿ ಗುಡಿಯಿಂದ ಮಲ್ಲಿಗೆ ಮುಚ್ಚಿದ ಕರಗ ಪೂಜಾರಿಯ ತಲೆಯ ಮೇಲೆ ಹೊರಡುವುದು ನಡುರಾತ್ರಿ ದಾಟಿದ ಮೇಲೆ. ಪೇಟೆಗಳನ್ನೆಲ್ಲ ಸುತ್ತಿ, ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ, ಮತ್ತೆ ಗುಡಿ ಸೇರುವಷ್ಟರಲ್ಲಿ ಬೆಳಗು. ಆ ರಾತ್ರಿ ಅಲ್ಲಿ ಯಾರೂ ಮಲಗುವುದಿಲ್ಲ. ನನಗೇನು ನಷ್ಟ ಎಂದುಕೊಂಡು ತಮ್ಮನ ಮನೆಗೆ ಹೋದೆ. ಬೀದಿಯಲ್ಲಿ ಧ್ವನಿವರ್ಧಕ, ತಮಟೆ, ಮಜ್ಜಿಗೆ ಪಾನಕ ಹಂಚುವವರ ಕೂಗು. ಮೆಟ್ಟಿಲ ಮೇಲೆ ಚಾಪೆ ಹಾಸಿ ಗೋಡೆಗೆ ಒರಗಿ ಕುಳಿತಿದ್ದೆ. ಮಲ್ಲಿಗೆಯ ವಾಸನೆ ಬಂದಿತ್ತು ಎಂಬುದಷ್ಟು ನೆನಪಿದೆ.

"ಭಾವ, ಏಳಿ, ಕಾಫಿ" ಎಂದು ತಮ್ಮನ ಹೆಂಡತಿ ಎಬ್ಬಿಸಿದಾಗ ಬೆಳಕಾಗಿತ್ತು. ಕರಗ ಬಂದು ಹೋಗಿತ್ತು, ಕತ್ತಿ ಹಿಡಿದ ವೀರಕುಮಾರರು ಗೋವಿಂದಾ ಎನ್ನುತ್ತ ಎದುರಿಗೇ ಹಾದು ಹೋಗಿದ್ದರು. ನಾನು ಬಾಯಿ ತೆರೆದುಕೊಂಡು ಮಲಗಿದ್ದೆ. "ವರ್ಷವೆಲ್ಲ ನಿದ್ದೆ ಇಲ್ಲ ಎಂದು ಫೋನ್ ಮಾಡುತ್ತೀಯಲ್ಲ ಅಣ್ಣ, ಇದ್ದ ನಿದ್ದೆಯನ್ನೆಲ್ಲ ಇವತ್ತಿಗೆ ಇಟ್ಟುಕೊಂಡಿದ್ದೆಯಾ?" ಎಂದು ತಮ್ಮ ಬಂದವರಿಗೆಲ್ಲ ಹೇಳಿ ನಗಿಸಿದ.

ಆದರೆ ಮಧ್ಯಾಹ್ನದ ಹೊತ್ತಿಗೆ ಕಿವಿ ಎಂದಿಗಿಂತ ಜೋರಾಗಿ ಕೂಗತೊಡಗಿತು. ಎರಡನ್ನೂ ಒಟ್ಟಿಗೆ ಆ ಪರೀಕ್ಷೆಯ ಹುಡುಗಿಗೆ ಹೇಳಿದೆ. ಗದ್ದಲ ತಾಗಿದರೆ ಮೊರೆತ ಏರುವುದು ಸಹಜ ಎಂದಳು. "ನಿಮಗೆ ಬೇಕಾದದ್ದು ಸದ್ದೇ ಸರ್, ಆದರೆ ಸಣ್ಣದು. ನಿಮ್ಮ ಕಿವಿಯ ಸದ್ದು ಮುಚ್ಚಿಹೋಗಬಾರದು, ಅದರ ಪಕ್ಕದಲ್ಲಿ ಇನ್ನೊಂದು ಇರಬೇಕು ಅಷ್ಟೇ." ನಿದ್ದೆ ಬಂದದ್ದಕ್ಕೆ ತಮಟೆ ಅರ್ಧ ಕಾರಣ, ಇನ್ನರ್ಧ ನೀವು ಆ ರಾತ್ರಿ ನಿದ್ದೆಗೆ ಕಾಯದೇ ಇದ್ದದ್ದು ಎಂದಳು. ವಯಸ್ಸಿನಲ್ಲಿ ನನ್ನ ಮೊಮ್ಮಗಳಷ್ಟಿದ್ದಾಳೆ.

ಈಗ ತಲೆದಿಂಬಿನಿಂದ ಸ್ವಲ್ಪ ದೂರದಲ್ಲಿ ಮುಳ್ಳು ತಿರುಗಿಸುವ ಹಳೆಯ ಟ್ರಾನ್ಸಿಸ್ಟರ್ ಇದೆ. 101.3ರ ಕಾಮನಬಿಲ್ಲಿಗೂ 102.9ರ ವಿವಿಧ ಭಾರತಿಗೂ ನಡುವೆ ಯಾವ ನಿಲಯವೂ ಸಿಗದ ಜಾಗದಲ್ಲಿ ಚರ್ರೆನ್ನುವ ಒಂದು ಸಪ್ಪೆ ಸದ್ದು ಬರುತ್ತದೆ. ಅದರಲ್ಲಿ ಗುಡುಗಿಲ್ಲ, ಕಾಯುವಂಥದ್ದು ಏನೂ ಇಲ್ಲ. ಹೆಂಡತಿ ಮೊದಲು ಸಿಡುಕಿದಳು, ಆಮೇಲೆ ನನಗಿಂತ ಮೊದಲು ಗೊರಕೆ ಹೊಡೆಯತೊಡಗಿದಳು. ಗಡಿಯಾರ ಹಾಲಿಗೆ ಹೋಯಿತು. ಇಪ್ಪತ್ತು ನಿಮಿಷ ಆಗಿರಬಹುದು ಎನ್ನಿಸಿದರೂ ನಿದ್ದೆ ಹತ್ತದಿದ್ದರೆ ನಾನೂ ಹಾಲಿಗೇ ಹೋಗುತ್ತೇನೆ. ಮಂದ ದೀಪದಲ್ಲಿ ಗ್ರಾಫ್ ಕಾಗದ ಹರಡಿಕೊಂಡು ಗಂಡುಭೇರುಂಡದ ಬುಟ್ಟಾಕ್ಕೆ ಚೌಕ ತುಂಬುತ್ತ ಕೂರುತ್ತೇನೆ. ಜಕಾರ್ಡ್ ಡಿಸೈನ್ ಬರೆಯುವುದು ಹೀಗೆಯೇ, ಒಂದೊಂದೇ ಚೌಕ. ಬಲರೆಕ್ಕೆ ಮುಗಿಯುವಷ್ಟರಲ್ಲಿ ಸಾಮಾನ್ಯವಾಗಿ ಕಣ್ಣು ಎಳೆಯುತ್ತದೆ. ಎಳೆಯದ ರಾತ್ರಿಗಳೂ ಇವೆ. ಎಷ್ಟೇ ತಡವಾಗಲಿ ಬೆಳಗ್ಗೆ ಆರಕ್ಕೆ ಎದ್ದುಬಿಡಬೇಕು, ಮಧ್ಯಾಹ್ನ ಮಲಗಬಾರದು, ನಾಲ್ಕರ ಮೇಲೆ ಕಾಫಿ ಕೂಡದು. ಇವುಗಳಲ್ಲಿ ಕಷ್ಟವಾದದ್ದು ಕಾಫಿ. ಹಗಲಿಗೆ ಶ್ರವಣ ಸಾಧನ ಬಂದಿದೆ. ಅದನ್ನು ಹಾಕಿಕೊಂಡರೆ ಹೊರಗಿನ ದನಿಗಳು ಸಿಗುತ್ತವೆ, ಒಳಗಿನದು ಹಿಂದೆ ಸರಿಯುತ್ತದೆ.

ತಮ್ಮನ ಮಗ ಈಗಲೂ ಮಗ್ಗ ನಡೆಸುತ್ತಾನೆ. ಮೊನ್ನೆ ಅವನಿಗೆ ಕಿವಿಗೆ ಹಾಕುವ ಫೋಮ್ ಬಿರಡೆಗಳ ಒಂದು ಡಬ್ಬಿ ಕೊಟ್ಟು ಬಂದೆ. ಹತ್ತಿ ಉಂಡೆ ಇದಕ್ಕೆ ಸಾಲದು ಎಂದೂ ಹೇಳಿದೆ. "ಎಳೆ ಹರಿದ ಸದ್ದು ಕೇಳಿಸಬೇಕಲ್ಲ ದೊಡ್ಡಪ್ಪ, ಸೀರೆ ಹಾಳಾದರೆ?" ಎಂದ. ಮಗ್ಗದ ಮುಂದೆ ನಿಂತವರಿಗೆ ಇದು ನ್ಯಾಯವಾದ ಪ್ರಶ್ನೆಯೇ. ಸದ್ದು ತಗ್ಗುತ್ತದೆ, ಪೂರ್ತಿ ಮುಚ್ಚುವುದಿಲ್ಲ ಎಂದು ಅವನ ಪಕ್ಕದಲ್ಲೇ ನಿಂತು, ಹಾಕಿಕೊಂಡು ತೋರಿಸಿದೆ. ಸದ್ಯಕ್ಕೆ ಒಂದು ಕಿವಿಗೆ ಹಾಕಿಕೊಳ್ಳುತ್ತಿದ್ದಾನಂತೆ.