ಜಂಟಿ ಪಹಣಿ ಮತ್ತು ಪಟ್ಟಿಯೊಳಗಿನ ಪಟ್ಟಿ

ಚೌಕಾಬಾರದ ಒಂದು ಮನೆಗೆ ಕಟ್ಟೆಯ (ಕಾಯಿ ಹೊಡೆಯಲು ಬಾರದ ಮನೆಯ) ಗುರುತು ಹಾಕು ಎಂದರೆ ಕಂಪ್ಯೂಟರ್ ಐದು ಮನೆಗೆ ಹಾಕಿತು. ತಪ್ಪು ಮಕ್ಕಳದ್ದಲ್ಲ, ನನ್ನದು. ಕಪ್ಪುಹಲಗೆಯ ಮೇಲೆ ನಾನೇ ಬರೆದುಕೊಟ್ಟ ಸಾಲನ್ನು ಮೂವತ್ತೆಂಟು ಮಕ್ಕಳೂ ಭಕ್ತಿಯಿಂದ ಇಳಿಸಿಕೊಂಡಿದ್ದರು.

ಮಂಡ್ಯ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ಗಣಿತ ಶಿಕ್ಷಕಿ. ಕಂಪ್ಯೂಟರ್ ಕೊಠಡಿಯ ಬೀಗದ ಕೈ ನನ್ನ ಬಳಿ ಇರುವುದರಿಂದ ಒಂಬತ್ತನೇ ತರಗತಿಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪಾಠವೂ ನನ್ನ ಪಾಲಿಗೆ ಬಂದಿದೆ. ಕರೆಂಟು ಇದ್ದ ದಿನ ಹನ್ನೊಂದು ಕಂಪ್ಯೂಟರ್ ಓಡುತ್ತವೆ, ಒಂದೊಂದರ ಮುಂದೆ ಮೂರು ನಾಲ್ಕು ತಲೆ.

ಮೊದಲೆರಡು ವರ್ಷ ಅಂಕಪಟ್ಟಿಯನ್ನೇ ಉದಾಹರಣೆಯಾಗಿಟ್ಟು ಪಾಠ ಮಾಡಿದೆ. ಪ್ರತಿ ವಿದ್ಯಾರ್ಥಿಗೆ ಒಂದು ಅಡ್ಡಸಾಲು, ಪ್ರತಿ ವಿಷಯಕ್ಕೆ ಒಂದು ಕಂಬಸಾಲು. ಎಲ್ಲರೂ ತಲೆಯಾಡಿಸಿದರು, ಯಾರಿಗೂ ಹತ್ತಲಿಲ್ಲ. ಅಂಕಪಟ್ಟಿಯಲ್ಲಿ ಮಕ್ಕಳು ನೋಡುವುದು ತಮ್ಮ ಸಾಲನ್ನು ಮಾತ್ರ. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ನಂಟೇ ಇಲ್ಲದ ಕಡೆ ಎರಡು ಆಯಾಮದ ಲಿಸ್ಟ್, ಅಂದರೆ ಪಟ್ಟಿಯೊಳಗಿನ ಪಟ್ಟಿ, ಯಾಕೆ ಬೇಕು ಎನ್ನುವುದು ಅವರಿಗೆ ಕಾಣುವುದಾದರೂ ಹೇಗೆ? ಆದ್ದರಿಂದ ಈ ಸಲ ಚೌಕಾಬಾರಕ್ಕೆ ಬಂದೆ. ಶಾಲೆಯ ಜಗುಲಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಆ ಐದೈದು ಮನೆಗಳನ್ನು ಅಳಿಸಿ ಅಳಿಸಿ ನಮ್ಮ ಆಯಾ ಸೋತಿದ್ದಾರೆ. ಹೊರಸುತ್ತಿನಲ್ಲಿ 16 ಮನೆ, ಒಳಸುತ್ತಿನಲ್ಲಿ 8, ನಡುವೆ ಕಾಯಿ ಹಣ್ಣಾಗುವ ಮನೆ ಒಂದು. ಇಲ್ಲಿ ಅಕ್ಕಪಕ್ಕ, ಮೇಲೆ ಕೆಳಗೆ ಎಲ್ಲಕ್ಕೂ ಅರ್ಥವಿದೆ. ಪಕ್ಕದ ಮನೆಗೆ ಎದುರಾಳಿಯ ಕಾಯಿ ಬಂದರೆ ಎದೆ ಡವಗುಟ್ಟುತ್ತದೆ.

ಪೈಥಾನ್ 3ರಲ್ಲಿ ಚರಾಕ್ಷರಗಳಿಗೆ ಕನ್ನಡದಲ್ಲೇ ಹೆಸರಿಡಬಹುದು. ಚೌಕಾಬಾರದ ಪಟ್ಟಿಗೆ ನಾವು 'ಮಣೆ' ಎಂದು ಇಟ್ಟೆವು. ಅರ್ಧ ತರಗತಿ 'ಮನೆ' ಎಂದು ಟೈಪ್ ಮಾಡಿ, ಅಂಥ ಹೆಸರೇ ಇಲ್ಲ ಎಂದು ಬೈಸಿಕೊಂಡಿತು. ನಕಾರ ಣಕಾರದ ವ್ಯತ್ಯಾಸವನ್ನು ನಮ್ಮ ಕನ್ನಡ ಮೇಷ್ಟರಿಗಿಂತ ಕಟ್ಟುನಿಟ್ಟಾಗಿ ತಿದ್ದುವ ಯಂತ್ರವಿದು.

ಈಗ ಆ ಸಾಲಿಗೆ ಬರುತ್ತೇನೆ. ಐದು ಸೊನ್ನೆಗಳ ಒಂದು ಸಾಲು ಬೇಕಿದ್ದರೆ [0]*5 ಎಂದು ಬರೆಯುತ್ತೇವೆ. ಅಂಥ ಐದು ಸಾಲು ಬೇಕೆಂದರೆ? ಕೈ ತಾನಾಗಿ [[0]*5]*5 ಎಂದು ಬರೆದುಬಿಟ್ಟಿತು. ಮುದ್ರಿಸಿದರೆ ಇಪ್ಪತ್ತೈದು ಸೊನ್ನೆ ಅಚ್ಚುಕಟ್ಟಾಗಿ ನಿಂತವು. ಮೇಲಂಚಿನ ನಡುವಿನ ಕಟ್ಟೆಗೆ ಗುರುತು ಹಾಕಲು ಮಣೆ[0][2] = 1 (ಮೊದಲು ಅಡ್ಡಸಾಲು, ಆಮೇಲೆ ಕಂಬಸಾಲು, ಎಣಿಕೆ ಸೊನ್ನೆಯಿಂದ) ಎಂದ ಕೂಡಲೇ ನಡುವಿನ ಕಂಬಸಾಲು ಪೂರ್ತಿ 1 ಆಯಿತು. ಐದೂ ಕಟ್ಟೆ ಹಾಕಿ ಮುಗಿಸಿದವರ ಪರದೆಯಲ್ಲಿ ಪ್ರತಿ ಸಾಲೂ 1 0 1 0 1.

ಹಲಗೆಯ ಮೇಲೆ ಬಾಣ ಬರೆದು ವಿವರಿಸಲು ಹೊರಟೆ. ಹೊರಗಿನ ಪಟ್ಟಿಯಲ್ಲಿ ಐದು ಸಾಲುಗಳಿಲ್ಲ, ಒಂದೇ ಸಾಲಿನ ವಿಳಾಸ ಐದು ಸಲ ಇದೆ, ಹೀಗೆ. ನನ್ನ ಮಾತು ನನಗೇ ಒಣಒಣ ಅನ್ನಿಸಿತು. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದ. "ಮೇಡಂ, ಇದು ನಮ್ಮ ಜಂಟಿ ಪಹಣಿ ಇದ್ದ ಹಾಗಲ್ಲವಾ?" ಅವನ ತಾತನ ಜಮೀನು ಅಪ್ಪ, ದೊಡ್ಡಪ್ಪ, ಚಿಕ್ಕಪ್ಪಂದಿರು ಸೇರಿ ಐದು ಹೆಸರಿನಲ್ಲಿದೆ. "ಹೆಸರು ಐದು, ಗದ್ದೆ ಒಂದೇ. ಚಿಕ್ಕಪ್ಪ ಬೆಳೆಸಾಲ ಎತ್ತಿದರೆ ನಮ್ಮಪ್ಪ ತೆಗೆಸಿದ ಪಹಣಿಯಲ್ಲೂ ಅದೇ ಸಾಲ ಕಾಣಿಸುತ್ತದೆ."

"ಹಾಗಾದರೆ ಏನು ಮಾಡಬೇಕಪ್ಪಾ?"

"ಪೋಡಿ ಮಾಡಿಸಬೇಕು ಮೇಡಂ." ನಾಲ್ಕಾರು ದನಿ ಒಟ್ಟಿಗೆ ಬಂದವು. ಪೋಡಿಗಾಗಿ, ಅಂದರೆ ಜಂಟಿ ಜಮೀನನ್ನು ಅಳೆದು ಪಾಲಿಗೊಂದು ಪಹಣಿ ಮಾಡಿಸಿಕೊಳ್ಳಲು, ಅಪ್ಪ ತಾಲ್ಲೂಕು ಕಚೇರಿಗೆ ಅಲೆಯುವುದನ್ನು ನೋಡದ ಮಗು ಆ ಕೊಠಡಿಯಲ್ಲಿ ಬಹುಶಃ ಇರಲಿಲ್ಲ.

ಆಮೇಲೆ ನನಗೆ ಹೆಚ್ಚು ಕೆಲಸ ಉಳಿಯಲಿಲ್ಲ. ಖಾಲಿ ಪಟ್ಟಿಯೊಂದನ್ನು ಇಟ್ಟುಕೊಂಡು, ಐದು ಸಲ ಸುತ್ತುವ ಫಾರ್ ಲೂಪ್ ಬರೆದು, ಪ್ರತಿ ಸುತ್ತಿನಲ್ಲೂ ಹೊಸದೊಂದು [0]*5 ಮಾಡಿ ಪಟ್ಟಿಯ ಕೊನೆಗೆ ಸೇರಿಸಿದೆವು (ಅಪೆಂಡ್). ಅದೇ ನಮ್ಮ ಪೋಡಿ. ಎರಡೂ ಒಂದೇ ಸಾಲೇ ಎಂಬ ಪರೀಕ್ಷೆಗೆ 'ಇಸ್' ಇದೆ: ಪೋಡಿಗೆ ಮೊದಲು ಮಣೆ[0] ಇಸ್ ಮಣೆ[4] ಎಂದು ಕೇಳಿದರೆ ಟ್ರೂ, ಆಮೇಲೆ ಕೇಳಿದರೆ ಫಾಲ್ಸ್. ಎರಡು ಸಮಚಿಹ್ನೆ ಹಾಕಿ ಕೇಳಿದರೆ ಮಾತ್ರ ಎರಡು ಸಲವೂ ಟ್ರೂ, ಏಕೆಂದರೆ ಅದು ಸಾಲಿನೊಳಗೆ ಏನಿದೆ ಎಂದಷ್ಟೇ ಹೋಲಿಸುತ್ತದೆ. ಅಣ್ಣತಮ್ಮಂದಿರಿಗೆ ತಲಾ ಇಪ್ಪತ್ತು ಗುಂಟೆ ಬಂದರೆ ಅಳತೆ ಒಂದೇ, ಜಮೀನು ಬೇರೆ ಬೇರೆ.

ಒಬ್ಬ ಹುಡುಗಿ ಬಿಡಲಿಲ್ಲ. "ಒಳಗಿನ [0]*5 ಕೂಡ ಒಂದೇ ಸೊನ್ನೆಯನ್ನು ಐದು ಸಲ ಇಟ್ಟದ್ದೇ ಅಲ್ಲವಾ ಮೇಡಂ? ಅದು ಯಾಕೆ ಕೆಡುವುದಿಲ್ಲ?" ಇಷ್ಟು ವರ್ಷದಲ್ಲಿ ನನಗೆ ಎದುರಾದ ಅತ್ಯುತ್ತಮ ಪ್ರಶ್ನೆಯಿದು. ಹೌದು, ಅಲ್ಲೂ ಸೊನ್ನೆ ಒಂದೇ. ಆದರೆ ಸೊನ್ನೆಯ ಒಳಗೆ ಏನನ್ನೂ ಬದಲಿಸಲು ಬರುವುದಿಲ್ಲ. ಅದನ್ನು ಎತ್ತಿಟ್ಟು ಆ ಜಾಗಕ್ಕೆ 1 ತಂದು ಕೂರಿಸುತ್ತೇವೆ, ಅಷ್ಟೇ. ಲಿಸ್ಟ್ ಹಾಗಲ್ಲ, ಗದ್ದೆಯ ಹಾಗೆ: ಜಾಗ ಕದಲದೆ ಒಳಗೆ ಬೋರ್‌ವೆಲ್ ಕೊರೆಯಬಹುದು.

ಇಷ್ಟಾದ ಮೇಲೆ ಬೀಗುತ್ತಾ ಮನೆಗೆ ಹೋದೆ. ಚೌಕಾಬಾರ ಇನ್ನೊಂದು ತಪ್ಪನ್ನು ಹೊಟ್ಟೆಯಲ್ಲಿ ಮುಚ್ಚಿಟ್ಟುಕೊಂಡಿತ್ತು ಎಂದು ಗೊತ್ತಾದದ್ದು ಮರುವಾರ. ಐದು ಕಟ್ಟೆಗಳ ಸ್ಥಾನ ನೋಡಿ: [0][2], [2][0], [2][2], [2][4], [4][2]. ಅಡ್ಡಸಾಲನ್ನೂ ಕಂಬಸಾಲನ್ನೂ ಅದಲುಬದಲು ಮಾಡಿ ಬರೆದರೂ ಅವೇ ಐದು ಮನೆ ಬರುತ್ತವೆ. ತಿರುಗಾಮುರುಗಾ ಬರೆದವರ ಉತ್ತರವೂ ಸರಿಯಾಗಿಯೇ ಕಂಡಿತ್ತು, ನಾನು ಸರಿ ಗುರುತು ಹಾಕಿಯೂ ಆಗಿತ್ತು. ಕಾಯಿಯನ್ನು [1][3]ಕ್ಕೆ ಇಡಲು ಹೇಳಿದಾಗ ಬಣ್ಣ ಬಯಲಾಯಿತು. ಮೂರರಲ್ಲಿ ಒಂದು ಗುಂಪು [3][1]ರಲ್ಲಿ ಇಟ್ಟಿತ್ತು.

ಇದಕ್ಕೂ ನನ್ನದೇ ಕೈವಾಡ. ಬೆಳಗ್ಗೆ ಗಣಿತದ ತರಗತಿಯಲ್ಲಿ ನಿರ್ದೇಶಾಂಕ ಹೇಳಿಕೊಡುವಾಗ ಮೊದಲು ಬಲಕ್ಕೆ ಎಷ್ಟು ಎಂದು ಎಣಿಸಿ, ಆಮೇಲೆ ಮೇಲಕ್ಕೆ ಹೋಗಿ ಎನ್ನುತ್ತೇನೆ. ಮಧ್ಯಾಹ್ನ ಅದೇ ಬಾಯಿಯಲ್ಲಿ, ಮೊದಲು ಕೆಳಕ್ಕೆ ಎಷ್ಟನೇ ಸಾಲು ಎಂದು ಎಣಿಸಿ, ಆಮೇಲೆ ಬಲಕ್ಕೆ ಎನ್ನುತ್ತೇನೆ, ಅದೂ ಸೊನ್ನೆಯಿಂದ. ಮಕ್ಕಳು ಯಾವ ಮೇಡಂ ಮಾತು ನಂಬಬೇಕು?

ಈಗ ಚೌಕಾಬಾರಕ್ಕೂ ಮೊದಲು ಅಳಗುಳಿಮಣೆ ಇಡುತ್ತೇನೆ. ಎರಡು ಸಾಲು, ಸಾಲಿಗೆ ಏಳು ಗುಳಿ. ಮಣೆ[1][5] ಎನ್ನುವ ಬದಲು ಮಣೆ[5][1] ಎಂದರೆ ಕಂಪ್ಯೂಟರ್ ಅಲ್ಲೇ ಕೆಂಪಕ್ಷರದಲ್ಲಿ ತಕರಾರು ತೆಗೆಯುತ್ತದೆ, ಆರನೇ ಸಾಲು ಎಲ್ಲಿಂದ ತರಲಿ ಎಂದು. ಚೌಕವಾದ ಮಣೆ ಮುಚ್ಚಿಡುವುದನ್ನು ಉದ್ದನೆಯ ಮಣೆ ಬಯಲಿಗೆಳೆಯುತ್ತದೆ.

ಅಂಚಿನ ವಿಷಯ ಇನ್ನೂ ವಿಚಿತ್ರ. 'ಮೇಲಿನ ಮನೆ ಖಾಲಿ ಇದೆಯೇ' ಎಂದು ನೋಡಲು ಸಾಲಿನ ಸಂಖ್ಯೆಯಲ್ಲಿ ಒಂದು ಕಳೆಯುತ್ತೇವೆ. ಮೊದಲ ಸಾಲಿನಲ್ಲಿ ನಿಂತು ಕಳೆದರೆ ಬರುವುದು −1. ಪೈಥಾನ್‌ನಲ್ಲಿ ಮಣೆ[-1] ಎಂದರೆ ಕೊನೆಯ ಸಾಲು! ಚಕಾರವಿಲ್ಲದೆ ಕೆಳಗಂಚಿನ ಮನೆಯನ್ನು ತೋರಿಸುತ್ತದೆ. ಕೆಳಗೆ ದಾಟಿ 5 ಎಂದರೆ ಮಾತ್ರ ಗದರುತ್ತದೆ. ಒಂದು ಕಡೆ ಬೇಲಿ ಇದೆ, ಇನ್ನೊಂದು ಕಡೆ ಇಲ್ಲ. ಮೊದಲು ಅಂಚನ್ನು ನೋಡಿ, ಆಮೇಲೆ ಮನೆಯನ್ನು ನೋಡಿ ಎಂದು ಇಫ್ ಬರೆಸುವುದಕ್ಕೆ ಒಂದು ಪೂರ್ತಿ ಪೀರಿಯಡ್ ಹೋಯಿತು, ಹೋಗಲಿ.

ಮುಂದಿನ ವಾರ ಬಸ್ಸಿನ ಸೀಟುಗಳು. ನಾನು ದಿನವೂ ಮೈಸೂರಿನಿಂದ ಬರುವ ಬಸ್ಸಿನಲ್ಲಿ ಸಾಲಿಗೆ ಮೂರು ಮತ್ತು ಎರಡು ಸೀಟು, ಹಿಂಬದಿಯ ಉದ್ದ ಸೀಟಿನಲ್ಲಿ ಆರು. ಮೊದಲ ಸಾಲಿನ ಉದ್ದ ನೋಡಿ ಎಲ್ಲ ಸಾಲಿಗೂ ಐದೇ ಎಂದು ಲೂಪ್ ಬರೆದವರಿಗೆ ಹಿಂದಿನ ಕಿಟಕಿಯ ಬಳಿ ಕುಳಿತ ಒಬ್ಬರು ಲೆಕ್ಕಕ್ಕೆ ಸಿಗುವುದಿಲ್ಲ. ಇದನ್ನು ಮೊದಲೇ ಹೇಳಿಕೊಡುವುದಿಲ್ಲವೆಂದು ತೀರ್ಮಾನಿಸಿದ್ದೇನೆ. ಟಿಕೆಟ್ ಎಣಿಸುವ ಕಂಡಕ್ಟರ್ ಕೆಲಸ ಆ ಜಂಟಿ ಪಹಣಿಯ ಹುಡುಗನಿಗೆ.