ಅರಗಿನ ವಾಸನೆ

ನಮ್ಮ ಕನ್ನಡ ಮಾಷ್ಟ್ರು ಆ ದಿನ ಪುಸ್ತಕ ತೆರೆಯಲೇ ಇಲ್ಲ. ಹಿಂದಿನ ರಾತ್ರಿ ದೇವಸ್ಥಾನದಲ್ಲಿ ತಾಳಮದ್ದಳೆ ಇತ್ತು, ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಪ್ರಸಂಗ ಕೃಷ್ಣ ಸಂಧಾನ. ಕೌರವನ ಸಭೆಗೆ ಬಂದ ಕೃಷ್ಣ ಸುತ್ತ ನೋಡಿ, "ಅರಮನೆ ಚಂದ ಇದೆ. ಆದರೆ ಎಲ್ಲಿಂದಲೋ ಅರಗಿನ ವಾಸನೆ ಬರುತ್ತದಲ್ಲ?" ಅಂದಿದ್ದ. ಜನ ಹೋ ಎಂದು ನಕ್ಕಿದ್ದರು. ನಾನೂ ನಕ್ಕಿದ್ದೆ, ಪಕ್ಕದಲ್ಲಿ ಅಜ್ಜ ನಕ್ಕರು ಅಂತ.

"ಯಾಕೆ ನಕ್ಕದ್ದು?" ಮಾಷ್ಟ್ರು ನನ್ನನ್ನೇ ಕೇಳಿದರು. ನಾನು ನೆಲ ನೋಡಿದೆ. ಮುಂದಿನ ಬೆಂಚಿನ ಹುಡುಗಿ ಹೇಳಿದಳು, "ಪಾಂಡವರನ್ನು ಸುಡಲಿಕ್ಕೆ ಅರಗಿನ ಮನೆ ಕಟ್ಟಿಸಿದ್ದು ಅವನೇ ಅಲ್ವಾ ಮಾಷ್ಟ್ರೇ."

"ಕೃಷ್ಣ ಹಾಗೆ ಹೇಳಿದನಾ?"

"ಇಲ್ಲ."

"ಮತ್ತೆ ಯಾರು ಹೇಳಿದ್ದು?"

ಯಾರೂ ಹೇಳಿರಲಿಲ್ಲ. ಕೇಳಿದವರೇ ಮನಸ್ಸಿನಲ್ಲಿ ಹೇಳಿಕೊಂಡದ್ದು. ಇಂಥದ್ದಕ್ಕೆ ಮಾಷ್ಟ್ರು ಇಟ್ಟ ಹೆಸರು 'ಒಳಮಾತು'. ಪರೀಕ್ಷೆಯಲ್ಲಿ ಅದಕ್ಕೆ ಮಾರ್ಕಿರಲಿಲ್ಲ, ಗೈಡಿನಲ್ಲೂ ಇರಲಿಲ್ಲ. ಹುಡುಕುವ ದಾರಿ ಮಾತ್ರ ಸುಲಭದ್ದು. ಓದುವಾಗ ಒಂದು ಮಾತು 'ಇದೆಂತ ಇಲ್ಲಿ?' ಅನ್ನಿಸಿದರೆ ನಿಲ್ಲಬೇಕು. ಅದನ್ನು ತೆಗೆದು ಇನ್ನೊಮ್ಮೆ ಓದಬೇಕು. ಏನೂ ಕಮ್ಮಿ ಆಗದಿದ್ದರೆ ಸುಮ್ನೆ ಮುಂದೆ ಹೋಗಬೇಕು.

ನಾವು ಕಾಸರಗೋಡಿನವರು, ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯವರು. ಯಕ್ಷಗಾನದ ಆಟ, ತಾಳಮದ್ದಳೆಯ ಕೂಟ ನೋಡಿಯೇ ಬೆಳೆದವರು. ಭಾರತ, ರಾಮಾಯಣ ನಮ್ಮ ಕಿಸೆಯಲ್ಲಿದೆ ಎಂಬ ಗತ್ತು ಸ್ವಲ್ಪ ಇತ್ತು. ಒಂದು ದಿನ ಅವರು ಬೋರ್ಡಿನಲ್ಲಿ ಬರೆದರು: 'ಮೂವತ್ತು ಬೆಳ್ಳಿ ನಾಣ್ಯ ಎಣಿಸಿ ಬಂದವನ ಹಾಗೆ ಅವನು ತಲೆ ತಗ್ಗಿಸಿದ್ದ.' ಇಡೀ ಕ್ಲಾಸು ಮೌನ. ಯಾವತ್ತೂ ಬಾಯಿ ಬಿಡದ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. ಅವನದು ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಮನೆ. "ಯೂದ. ಯೇಸುವನ್ನು ಹಿಡಿದು ಕೊಟ್ಟದ್ದಕ್ಕೆ ಸಿಕ್ಕಿದ ದುಡ್ಡು ಅದು" ಎಂದ. ಆಮೇಲೆ ಮಾಷ್ಟ್ರು ಮಂಜೇಶ್ವರದ ಗೋವಿಂದ ಪೈಗಳ ವಿಷಯ ತೆಗೆದರು. ಯೇಸುವಿನ ಕೊನೆಯ ದಿನದ ಬಗ್ಗೆ ಅವರು ಬರೆದ ಕಾವ್ಯದ ಹೆಸರೇ 'ಗೊಲ್ಗೊಥಾ', ಶಿಲುಬೆಗೇರಿಸಿದ ಜಾಗದ ಹೆಸರು. ಕೆಲವರಿಗೆ ಆ ಹೆಸರಲ್ಲೇ ಅರ್ಧ ಕತೆ ಸಿಕ್ಕಿಬಿಡುತ್ತದೆ. ನಮಗೆ ಅದು ಬರೀ ಕಷ್ಟದ ಶಬ್ದವಾಗಿತ್ತು.

ನನಗೆ ಇದರ ಹುಚ್ಚು ಹಿಡಿಯಿತು. ಕಂಡಲ್ಲೆಲ್ಲ ಒಳಮಾತು. ಒಂದು ಕತೆಯಲ್ಲಿ ಯಾರೋ ದೋಣಿಯಲ್ಲಿ ಚಂದ್ರಗಿರಿ ಹೊಳೆ ದಾಟುತ್ತಾರೆ. ಇದು ಗುಹ ರಾಮನನ್ನು ದಾಟಿಸಿದ್ದು ಎಂದು ಎರಡು ಪುಟ ಬರೆದೆ. ಮಾಷ್ಟ್ರು ಓದಿ, "ದೋಣಿಗೆಲ್ಲ ಗುಹನೇ ಬೇಕಂತ ಇಲ್ಲ ಮಾರಾಯ. ಅವನಿಗೆ ಆಚೆ ದಡದಲ್ಲಿ ಕೆಲಸ ಇತ್ತು, ಅಷ್ಟೇ" ಅಂದರು.

ಇನ್ನೊಮ್ಮೆ ಭಾಷಣಕ್ಕೆ 'ಕಾಸರಗೋಡಿನ ಕನ್ನಡಿಗರು ತ್ರಿಶಂಕುಗಳು' ಎಂದು ಬರೆದುಕೊಂಡು ಹೋಗಿದ್ದೆ. ಎಲ್ಲರೂ ಹೇಳುವ ಮಾತೇ. ಅವರು ಕೇಳಿದರು, "ತ್ರಿಶಂಕು ಯಾಕೆ ನಡುವೆ ಸಿಕ್ಕಿಬಿದ್ದ?"

"ದೇಹ ಸಮೇತ ಸ್ವರ್ಗಕ್ಕೆ ಹೊರಟ. ವಿಶ್ವಾಮಿತ್ರ ಕಳಿಸಿದ, ಇಂದ್ರ ತಳ್ಳಿದ."

"ಹಾಂ. ನಾವು ಎಲ್ಲಿಗೆ ಹೊರಟಿದ್ದೆವು?"

ಉತ್ತರ ಬರಲಿಲ್ಲ. 1956ರ ನವೆಂಬರ್ 1ಕ್ಕೆ ನಮ್ಮ ಹಿರಿಯರು ಎಲ್ಲಿಗೂ ಹೊರಟಿರಲಿಲ್ಲ. ಅವರವರ ತೋಟದಲ್ಲೇ ಇದ್ದರು, ಊರು ಮಾತ್ರ ಕೇರಳಕ್ಕೆ ಸೇರಿತು. ಕತೆಯ ಒಂದು ತುದಿ ಹಿಡಿದು ಎಳೆದರೆ ಇಡೀ ಕತೆ ಬರುತ್ತದೆ, ಆಸೆಪಟ್ಟವನ ತಪ್ಪೂ ಜೊತೆಗೆ ಬರುತ್ತದೆ ಎಂದು ಅವತ್ತು ಗೊತ್ತಾಯಿತು. ಆ ಸಾಲು ಹೊಡೆದು ಹಾಕಿದೆ. ಈಗಲೂ ಪೇಪರಿನಲ್ಲಿ ಆ ಹೋಲಿಕೆ ಕಂಡರೆ ನನ್ನ ಪೆನ್ನು ತಾನಾಗಿ ಅಲ್ಲಿಗೆ ಹೋಗುತ್ತದೆ.

ಕಳೆದ ರಜೆಯಲ್ಲಿ ಅವರನ್ನು ನೋಡಲು ಹೋಗಿದ್ದೆ. ಹೊಸ ಮನೆ. ಜಗಲಿಯಲ್ಲಿ ಕೂತು, "ಮನೆ ಚಂದ ಇದೆ ಮಾಷ್ಟ್ರೇ" ಎಂದೆ. ಅವರು ಕನ್ನಡಕದ ಮೇಲಿಂದ ನೋಡಿ ಕೇಳಿದರು, "ವಾಸನೆ ಎಂತಾದರೂ ಬರುತ್ತದಾ?"

ನಾವಿಬ್ಬರೂ ನಗುತ್ತಿದ್ದ ಹಾಗೆ ಒಳಗೆ ಅವರ ಸೊಸೆ ಅಡುಗೆಮನೆಗೆ ಓಡಿ ಗ್ಯಾಸ್ ಬಂದ್ ಮಾಡಿದ ಸದ್ದು ಕೇಳಿತು.