ಬಾರದವನಿಗೆ ಏಳು ಪ್ಲಸ್

ನಮ್ಮ ನಾಲ್ಕನೇ ತರಗತಿಯ ಕಪ್ಪುಹಲಗೆಯ ಎಡ ಮೂಲೆಯಲ್ಲಿ ಹಾಜರಾತಿಯ ಲೆಕ್ಕ ಇರುತ್ತದೆ: ಹುಡುಗರು 16, ಹುಡುಗಿಯರು 18, ಒಟ್ಟು 34, ಅದರ ಕೆಳಗೆ ಆ ದಿನ ಬಂದವರ ಸಂಖ್ಯೆ. ಬಲ ಮೂಲೆ ‘ಮಾತನಾಡಿದವರು’ ಎಂಬ ಪಟ್ಟಿಗೆ ಮೀಸಲು. ನಾನು ಹೊರಗೆ ಹೋದಾಗಲೆಲ್ಲ ಲೀಡರ್ ಅಲ್ಲಿ ಹೆಸರು ಬರೆಯಬೇಕು. ಹೆಸರು ಬಿದ್ದ ಮೇಲೂ ಬಾಯಿ ಮುಚ್ಚದವರಿಗೆ ಹೆಸರಿನ ಮುಂದೆ ಒಂದು ಪ್ಲಸ್, ಆಗಲೂ ಸುಮ್ಮನಾಗದಿದ್ದರೆ ಇನ್ನೊಂದು. ಈ ಪದ್ಧತಿಯನ್ನು ನನಗೆ ಡಿ.ಎಡ್. ಓದುವಾಗ ಯಾರೂ ಹೇಳಿಕೊಟ್ಟಿಲ್ಲ. ನಾನು ನಾಲ್ಕನೇ ತರಗತಿಯಲ್ಲಿದ್ದಾಗ ಇತ್ತು, ಮುಂದುವರಿಸಿಕೊಂಡು ಬಂದೆ. ನಿಮ್ಮ ಶಾಲೆಯಲ್ಲೂ ಇದ್ದಿರಬೇಕು.

ಕಳೆದ ಜೂನ್ ತಿಂಗಳ ಒಂದು ದಿನ. ಶಾಲೆ ಶುರುವಾಗಿ ಮೂರು ವಾರವಾಗಿತ್ತು. ಹೊಸದಾಗಿ ಸೇರಿದ ಮಕ್ಕಳ ವಿವರಗಳನ್ನು ಕಂಪ್ಯೂಟರಿಗೆ ಏರಿಸುವುದು ಬಾಕಿ ಇದೆ ಎಂದು ಮುಖ್ಯ ಶಿಕ್ಷಕರು ಕರೆದರು. ಹತ್ತು ನಿಮಿಷದ ಕೆಲಸ ಎಂದು ಹೋದವಳು ಮುಕ್ಕಾಲು ಗಂಟೆ ಕುಳಿತೆ. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು, ಪುಟ ಮಾತ್ರ ತೆರೆಯಲಿಲ್ಲ. ತಲೆ ಕೆಟ್ಟು ತರಗತಿಗೆ ವಾಪಸ್ ಬಂದರೆ ಬಲ ಮೂಲೆಯಲ್ಲಿ ಒಂದೇ ಒಂದು ಹೆಸರು. ಅದರ ಮುಂದೆ ಏಳು ಪ್ಲಸ್.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನ ಆಯುಸ್ಸಿಗೆ ಆಗುವಷ್ಟು ಅದನ್ನು ಬರೆದಾಗಿದೆ. ಗುಂಡ ಎಂದಿಟ್ಟುಕೊಳ್ಳೋಣ, ಯಾಕೆ ಎನ್ನುವುದು ಮುಂದೆ ಗೊತ್ತಾಗುತ್ತದೆ.

ಕೈಯಲ್ಲಿದ್ದ ರಿಜಿಸ್ಟರನ್ನು ಮೇಜಿನ ಮೇಲೆ ಎತ್ತಿಹಾಕಿ, “ಎದ್ದು ನಿಲ್ಲು” ಎಂದೆ. ಯಾರೂ ಏಳಲಿಲ್ಲ. “ನಿನಗೇ ಹೇಳುತ್ತಿರುವುದು, ಕಿವಿ ಕೇಳಿಸುವುದಿಲ್ಲವೇ?” ಎಂದು ದನಿ ಏರಿಸಿದೆ. ಮೂರನೇ ಸಾಲಿನ ಒಂದು ಹುಡುಗಿ ಹೆದರಿ ಹೆದರಿ ಹೇಳಿದಳು: “ಮಿಸ್, ಅವನು ಇವತ್ತು ಬಂದೇ ಇಲ್ಲ.”

ಎಡ ಮೂಲೆ ನೋಡಿದೆ. ಹಾಜರು 33. ಬೆಳಿಗ್ಗೆ ನಾನೇ ಹೆಸರು ಕೂಗಿ, ನಾನೇ ಅವನಿಗೆ ಗೈರು ಹಾಕಿ, ನನ್ನ ಕೈಯಾರೆ ಬರೆದ ಸಂಖ್ಯೆ. ಒಂದೇ ಹಲಗೆಯ ಒಂದು ತುದಿಯಲ್ಲಿ ಹುಡುಗ ಶಾಲೆಗೆ ಬಂದಿಲ್ಲ, ಇನ್ನೊಂದು ತುದಿಯಲ್ಲಿ ಏಳು ಸಲ ಮಾತನಾಡಿದ್ದಾನೆ. ಮಕ್ಕಳು ಮೊದಲು ಕಿಸಕ್ಕೆಂದರು, ಆಮೇಲೆ ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಲೀಡರ್ ಹುಡುಗಿ ಮಾತ್ರ ಅಳುವುದಕ್ಕೆ ಶುರುಮಾಡಿದಳು. ಬಿಕ್ಕುತ್ತ, “ಅವನು ದಿನವೂ ಮಾತನಾಡುತ್ತಾನಲ್ಲ ಮಿಸ್, ಅಭ್ಯಾಸದ ಮೇಲೆ ಬರೆದುಬಿಟ್ಟೆ” ಎಂದಳು.

ಅಷ್ಟಕ್ಕೇ ಬಿಡುತ್ತಿದ್ದೆನೇನೋ. ಆದರೆ ಅತ್ತಾಗ ಬಾಯಿ ತೆರೆದಳಲ್ಲ, ಅವಳ ನಾಲಗೆ ನೇರಳೆ ಬಣ್ಣಕ್ಕೆ ತಿರುಗಿತ್ತು. ತುಟಿ, ಹಲ್ಲಿನ ಸಂದಿ, ಬಲಗೈಯ ಎರಡು ಬೆರಳು, ಎಲ್ಲ ನೇರಳೆ. ಶಾಲೆಯ ಆವರಣದಲ್ಲಿ ನೇರಳೆ ಮರ ಇಲ್ಲ. ಇರುವುದು ಕೆರೆ ಏರಿಯ ಮೇಲೆ, ಆ ಕಡೆಯಿಂದ ಬರುವ ಏಳೆಂಟು ಮಕ್ಕಳ ದಾರಿಯಲ್ಲಿ. ಇವಳ ಮನೆ ಬಸ್ ನಿಲ್ದಾಣದ ಹತ್ತಿರ. “ಹಣ್ಣು ಯಾರು ಕೊಟ್ಟರು?” ಎಂದು ಕೇಳಿದ್ದೇ ತಡ, ಮೂವತ್ತೆರಡು ಬಾಯಿಗಳು ಒಟ್ಟಿಗೆ ತೆರೆದವು. ಆಗ ಯಾರಿಗೂ ಪ್ಲಸ್ ಹಾಕುವವರು ಇರಲಿಲ್ಲ.

ದರಪಟ್ಟಿ ಹೀಗಿತ್ತು. ಹೆಸರು ಅಳಿಸಲು ಐದು ನೇರಳೆ ಹಣ್ಣು, ಪ್ಲಸ್ ಅಳಿಸಲು ಎರಡು. ಜಜ್ಜಿಹೋದ ಹಣ್ಣು ನಡೆಯುವುದಿಲ್ಲ. ಹಣ್ಣು ಇಲ್ಲದವರು ಅರ್ಧ ರಬ್ಬರ್ ಅಥವಾ ಒಂದು ಬೋಟಿ ಪೊಟ್ಟಣದಲ್ಲಿ ಪಾಲು ಕೊಡಬಹುದು. ನಾಳೆ ಕೊಡುತ್ತೇನೆ ಎಂದರೆ ಸಾಲವೂ ಉಂಟು, ಆದರೆ ನಂಬಿಕಸ್ಥರಿಗೆ ಮಾತ್ರ. ಹೋದ ವರ್ಷ ಮೂರನೇ ತರಗತಿಯಲ್ಲಿ ಕೂಡುವ ಲೆಕ್ಕದಲ್ಲಿ ತಡವರಿಸುತ್ತಿದ್ದ ಒಬ್ಬ ಹುಡುಗ ತನ್ನ ಬಾಕಿಯನ್ನು ಸರಾಗವಾಗಿ ಒಪ್ಪಿಸಿದ: “ಎರಡು ಹೆಸರು, ಮೂರು ಪ್ಲಸ್, ಹದಿನಾರು ಹಣ್ಣು ಮಿಸ್. ಹನ್ನೊಂದು ಕೊಟ್ಟಿದ್ದೇನೆ.”

“ಗುಂಡ ಎಷ್ಟು ಕೊಡುತ್ತಿದ್ದ?” ಎಂದೆ.

“ಅವನು ಕೊಡುವುದೇ ಇಲ್ಲ ಮಿಸ್. ಬರೆದುಕೋ ಹೋಗು ಅನ್ನುತ್ತಾನೆ.”

ನಾನು ಕುರ್ಚಿಯಲ್ಲಿ ಕುಳಿತೆ. ಮೂರು ವಾರದಿಂದ ದಿನವೂ ಅವನ ಹೆಸರು ಹಲಗೆಯ ಮೇಲಿತ್ತು, ದಿನವೂ ಅವನಿಗೆ ಬರೆಯುವ ಶಿಕ್ಷೆ ಕೊಟ್ಟಿದ್ದೆ. ಹೆಸರಿಗೆ ಹತ್ತು ಸಲ, ಪ್ಲಸ್ ಒಂದಕ್ಕೆ ಐದು ಸಲ, ‘ನಾನು ಇನ್ನು ಮುಂದೆ ತರಗತಿಯಲ್ಲಿ ಮಾತನಾಡುವುದಿಲ್ಲ’. ಆ ಪುಸ್ತಕ ನನ್ನ ಮೇಜಿನ ಖಾನೆಯಲ್ಲೇ ಇತ್ತು. ತೆಗೆದು ನೋಡಿದೆ. ವಾಕ್ಯವನ್ನು ವಾಕ್ಯವಾಗಿ ಬರೆದಿರಲಿಲ್ಲ. ಮೊದಲು ಪುಟದ ಉದ್ದಕ್ಕೂ ‘ನಾನು’ ಎಂದು ಮೇಲಿನಿಂದ ಕೆಳಕ್ಕೆ ಇಳಿಸಿ, ಆಮೇಲೆ ‘ಇನ್ನು’, ಆಮೇಲೆ ‘ಮುಂದೆ’, ಬಿತ್ತನೆಯ ಸಾಲಿನ ಹಾಗೆ. ಜೂನ್ ಎರಡನೇ ವಾರದ ಒಂದು ಪುಟದಲ್ಲಿ ಕೊನೆಯ ಸಾಲಿಗೆ ಬರುವ ಹೊತ್ತಿಗೆ ಬೇಸರ ಬಂದಿರಬೇಕು, ಇಪ್ಪತ್ತು ಸಲವೂ ‘ಮಾತನಾಡುವು’ ಎಂದು ನಿಲ್ಲಿಸಿದ್ದ. ಕೆಳಗೆ ಕೆಂಪು ಶಾಯಿಯಲ್ಲಿ ನನ್ನ ಸಹಿ ಇತ್ತು. ಓದದೆ ಹಾಕಿದ ಸಹಿ.

ನಾನು ಓದಿದ ಶಾಲೆಯಲ್ಲಿ ಹುಣಸೆ ಬರಲು ಇತ್ತು. ಪೆಟ್ಟು ತಿನ್ನುವವನೇ ಹೋಗಿ ಮುರಿದು ತರಬೇಕು, ಸಣ್ಣದು ತಂದರೆ ಇನ್ನೊಬ್ಬನನ್ನು ಕಳಿಸುತ್ತಿದ್ದರು. ಹಳೆಯ ಮೇಷ್ಟ್ರುಗಳು ಹೇಳುತ್ತಿದ್ದ ‘ಛಡಿ ಛಂ ಛಂ, ವಿದ್ಯೆ ಘಂ ಘಂ’ ಅನ್ನು ನಾವೂ ಹಾಡಿನ ಹಾಗೆ ಹೇಳಿಕೊಂಡು ಓಡಾಡುತ್ತಿದ್ದೆವು. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ನಾನೂ ಹೊಡೆದಿದ್ದೇನೆ. ಮರದ ಸ್ಕೇಲಿನಿಂದ, ಬೆರಳ ಗಂಟಿನ ಮೇಲೆ. ಒಂದು ದಿನ ಊಟದ ಹೊತ್ತಿನಲ್ಲಿ ಒಬ್ಬಳು ಬಲಗೈಯನ್ನು ಲಂಗದಲ್ಲಿ ಮುಚ್ಚಿಟ್ಟುಕೊಂಡು ಎಡಗೈಯಲ್ಲಿ ಸಾರನ್ನ ಕಲಸುತ್ತಿದ್ದಳು. ಎಡಗೈಯಲ್ಲಿ ಯಾಕೆ ಎಂದು ನಾನೇ ಗದರಿದೆ. ಅದಾದ ಮೇಲೆ ಏನಾಯಿತು ಎಂದು ಬರೆಯಲು ಕೈ ಬರುವುದಿಲ್ಲ.

2010ರ ಏಪ್ರಿಲ್ 1ರಂದು ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. ಅದರ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಒಟ್ಟಿಗೆ ನಿಷೇಧಿಸುತ್ತದೆ; ಮೀರಿದವರ ಮೇಲೆ ಸೇವಾ ನಿಯಮಗಳಂತೆ ಶಿಸ್ತುಕ್ರಮ. ಅಲ್ಲಿಯವರೆಗೆ ಮಕ್ಕಳ ಕಡೆಗಷ್ಟೇ ನೋಡುತ್ತಿದ್ದ ‘ಶಿಸ್ತು’ ಎಂಬ ಪದ ಆಗ ನಮ್ಮ ಕಡೆಗೂ ತಿರುಗಿತು. ತರಬೇತಿಯಲ್ಲಿ ಕುಳಿತಿದ್ದ ಅರ್ಧ ಜನ ಗೊಣಗಿದರು, ಇನ್ನು ಪಾಠ ಮಾಡಿದ ಹಾಗೆಯೇ ಎಂದರು. ನಾನು ಮಾತ್ರ ಒಳಗೊಳಗೇ ಹಗುರಾದೆ. ಬೆತ್ತ ಬೀರುವಿನ ಮೇಲೆ ಹೋಯಿತು, ಈಗ ಭೂಪಟ ತೋರಿಸಲು ಇಳಿಯುತ್ತದೆ. ‘ಹೊಡೆಯದ ಮೇಡಂ’ ಎಂಬ ಹೆಸರು ಬಂದಾಗ ಹೆಮ್ಮೆಯೂ ಆಗಿತ್ತು. ಆ ಸೆಕ್ಷನ್ನಿನ ಎರಡನೆಯ ಅರ್ಧವನ್ನು ಮಾತ್ರ ನಾನು ಬೇರೆಯವರಿಗೆ ಬರೆದದ್ದು ಎಂದುಕೊಂಡಿದ್ದೆ. ಹದಿನಾರು ಹಣ್ಣಿನ ಬಾಕಿ ಕೇಳಿದ ಮಧ್ಯಾಹ್ನದವರೆಗೂ ಹಾಗೆಯೇ ಅಂದುಕೊಂಡಿದ್ದೆ.

ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿಗೇ ಯಾಕೆ ಗಲಾಟೆ ಜಾಸ್ತಿ ಎಂಬುದಕ್ಕೆ ಒಂದು ಕಾರಣವಿದೆ, ಹೊರಗಿನವರಿಗೆ ಅದು ತಿಳಿಯುವುದಿಲ್ಲ. ಮೂರನೇ ತರಗತಿಯವರೆಗೆ ನಮ್ಮ ಮಕ್ಕಳು ನಲಿ-ಕಲಿಯಲ್ಲಿ ಇರುತ್ತಾರೆ. 1995ರಲ್ಲಿ ಎಚ್.ಡಿ. ಕೋಟೆ ತಾಲೂಕಿನಲ್ಲಿ ಶುರುವಾಗಿ ಆಮೇಲೆ ರಾಜ್ಯವೆಲ್ಲ ಹಬ್ಬಿದ ಪದ್ಧತಿ ಅದು. ಅಲ್ಲಿ ಒಂದು, ಎರಡು, ಮೂರನೇ ತರಗತಿಯವರು ಬೆರೆತು, ಗುಂಪುಗುಂಪಾಗಿ ದುಂಡಗೆ ಕೂರುತ್ತಾರೆ. ಮಗು ಎದ್ದು ಹೋಗಿ ತನ್ನ ಕಾರ್ಡನ್ನು ತಾನೇ ತರಬೇಕು, ಗೊತ್ತಾಗದಿದ್ದರೆ ಪಕ್ಕದವರನ್ನು ಕೇಳಬೇಕು, ಗೋಡೆಯ ಕೆಳಭಾಗದಲ್ಲಿ ಬಳಿದ ಹಲಗೆಯ ಮೇಲೆ ಬರೆಯಬೇಕು. ಅಲ್ಲಿ ಓಡಾಟವೂ ಮಾತೂ ಕಲಿಕೆಯ ಭಾಗ. ಏಪ್ರಿಲ್-ಮೇ ರಜೆ ಮುಗಿಸಿ ಅದೇ ಮಗು ಪಕ್ಕದ ಕೋಣೆಗೆ ಬರುತ್ತದೆ. ಸಾಲು ಬೆಂಚು, ಮುಂದೆ ನಾನು, ಬಲ ಮೂಲೆಯಲ್ಲಿ ಪಟ್ಟಿ. ಮಾರ್ಚ್‌ನಲ್ಲಿ ಪಾಠವಾಗಿದ್ದದ್ದು ಜೂನ್‌ನಲ್ಲಿ ತಪ್ಪಾಗಿರುತ್ತದೆ. ಗುಂಡ ನಲಿ-ಕಲಿಯಲ್ಲಿ ಚಿಕ್ಕವರಿಗೆ ಅಕ್ಷರ ಹೇಳಿಕೊಡುವುದರಲ್ಲಿ ಮುಂದಿದ್ದ ಎಂದು ಅಲ್ಲಿನ ಮೇಡಂ ಹೇಳಿದ್ದು ನನಗೆ ಆ ಸಂಜೆ ನೆನಪಾಯಿತು.

ಮಾರನೆಯ ದಿನ ಪ್ರಾರ್ಥನೆ ಮುಗಿದು ಹಾಲಿನ ಸಾಲು ನಿಂತಿತ್ತು. ಕ್ಷೀರಭಾಗ್ಯ ಶುರುವಾದ 2013ರಿಂದಲೂ ನಮ್ಮ ಶಾಲೆಯಲ್ಲಿ ಅತಿ ಹೆಚ್ಚು ತಳ್ಳಾಟ ನಡೆಯುವುದು ಈ ಸಾಲಿನಲ್ಲೇ. ಆಗ ಗುಂಡ ಅಪ್ಪನ ಬೈಕಿನಿಂದ ಇಳಿದ. ತಲೆ ನುಣ್ಣಗೆ, ಮೇಲೆ ಗಂಧ. ಮನೆದೇವರಿಗೆ ಮುಡಿ ಕೊಟ್ಟು ಬಂದಿದ್ದರು. ಅಪ್ಪ ಬೈಕ್ ನಿಲ್ಲಿಸಿ ಹತ್ತಿರ ಬಂದರು. ನಿನ್ನೆಯ ಕತೆ ಊರಿಗೆಲ್ಲ ಗೊತ್ತಾಗಿತ್ತು, ಆದರೆ ಅವರಿಗೆ ಮುಟ್ಟಿದ್ದು ‘ಏಳು ಪ್ಲಸ್’ ಎಂಬಷ್ಟು ಮಾತ್ರ.

“ಮೇಡಂ, ನೀವು ಹೊಡೆಯುವುದಿಲ್ಲ, ಅದಕ್ಕೇ ಇವನು ಹೀಗಾಗಿದ್ದಾನೆ. ಕಣ್ಣೊಂದು ಬಿಟ್ಟು ಎಲ್ಲಿ ಬೇಕಾದರೂ ನಾಲ್ಕು ಬಿಡಿ. ನಾನೇನೂ ಕೇಳುವುದಿಲ್ಲ.”

“ನಿನ್ನೆ ಇವನು ಎಲ್ಲಿದ್ದ?”

“ನಮ್ಮ ಜೊತೆಯಲ್ಲೇ, ದೇವಸ್ಥಾನದಲ್ಲಿ.”

“ಅಲ್ಲಿಂದಲೇ ಮಾತನಾಡಿದ್ದಾನೆ ನೋಡಿ” ಎಂದೆ. ಅವರಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿ, ತಪ್ಪು ನನ್ನದು ಎಂದ ಮೇಲೂ ಅನುಮಾನದಿಂದಲೇ ಹೋದರು. ಮೇಡಂ ತಪ್ಪೊಪ್ಪಿಕೊಳ್ಳುವುದು ಅವರಿಗೆ ಅಶಿಸ್ತಿನಂತೆಯೇ ಕಂಡಿರಬೇಕು. ಗುಂಡನಿಗೆ ಮಾತ್ರ ಹೆಮ್ಮೆ. “ನಾನು ಇಲ್ಲದೆಯೂ ಏಳಾ?” ಎಂದು ಹಾಲಿನ ಲೋಟ ಹಿಡಿದು ಎಲ್ಲರನ್ನೂ ಕೇಳಿಕೊಂಡು ಬಂದ.

ಅಂದು ಮೊದಲ ಅವಧಿಯಲ್ಲಿ ಗಣಿತ ಬಿಟ್ಟೆ. ತರಗತಿಗೆ ಏನು ನಿಯಮ ಬೇಕು, ನೀವೇ ಹೇಳಿ ಎಂದು ಡ್ರಾಯಿಂಗ್ ಹಾಳೆ ಅಂಟಿಸಿದೆ. ಮಕ್ಕಳು ಮೃದುವಾಗಿರುತ್ತಾರೆ ಎಂದು ನಂಬುವವರು ಒಮ್ಮೆ ಹೀಗೆ ಕೇಳಿ ನೋಡಬೇಕು. ಮಾತನಾಡಿದರೆ ಐವತ್ತು ಬಸ್ಕಿ. ಹೋಂವರ್ಕ್ ತರದಿದ್ದರೆ ಬಿಸಿಲಿನಲ್ಲಿ ಮೊಣಕಾಲೂರುವುದು. ಬೈದರೆ ಬಾಯಿಗೆ ಮೆಣಸಿನಪುಡಿ. ಗುಮಾಸ್ತಳ ಹಾಗೆ ನಾನು ಬರೆದುಕೊಳ್ಳುತ್ತ ಹೋದೆ. ಒಂದೇ ಒಂದು ನಿಯಮ ನನ್ನ ಮೇಲೆ ಬಂತು: ಮಿಸ್ ತರಗತಿಯಲ್ಲಿ ಮೊಬೈಲ್ ನೋಡಬಾರದು. ಇಲಾಖೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಮಾಹಿತಿ ಕೇಳುತ್ತಲೇ ಇರುತ್ತಾರೆ, ಕೂಡಲೇ ಕಳಿಸಬೇಕು ಎಂದು ಸಮಜಾಯಿಷಿ ಕೊಡಲು ಹೋದೆ. ಯಾರೂ ಒಪ್ಪಲಿಲ್ಲ. ಹೊರಗೆ ಹೋಗಿ ನೋಡಿ ಎಂದರು.

ಗುಂಡ ಅಲ್ಲಿಯವರೆಗೆ ತಲೆ ಸವರಿಕೊಳ್ಳುತ್ತ ಕುಳಿತಿದ್ದ. ಕೊನೆಗೆ ಕೈ ಎತ್ತಿದ. ಮೂರು ವಾರದಲ್ಲಿ ಅವನು ಕೈ ಎತ್ತಿ ಮಾತನಾಡಿದ್ದು ಅದೇ ಮೊದಲು.

“ಮಿಸ್, ಪಟ್ಟಿಯಲ್ಲಿ ಯಾವಾಗಲೂ ನನ್ನ ಹೆಸರು ಒಂದೇ ಇರುತ್ತದಲ್ಲ. ಒಬ್ಬನೇ ಹೇಗೆ ಮಾತನಾಡುವುದು? ಕೇಳುವವರು ಬೇಡವೇ?”

ಇಪ್ಪತ್ತೊಂದು ವರ್ಷದ ಸೇವೆಯಲ್ಲಿ ನನಗೆ ಹೊಳೆಯದ ಪ್ರಶ್ನೆ. ಉತ್ತರ ಹೇಳುವ ಬದಲು ಡಸ್ಟರ್ ತೆಗೆದುಕೊಂಡು ಬಲ ಮೂಲೆ ಒರೆಸಿದೆ. ದಿನವೂ ಅದೇ ಜಾಗದಲ್ಲಿ ಅದೇ ಹೆಸರು ಬಿದ್ದು ಬಿದ್ದು ಸೀಮೆಸುಣ್ಣ ಕೂತುಬಿಟ್ಟಿತ್ತು, ಒದ್ದೆ ಬಟ್ಟೆಯಿಂದ ಎರಡು ಸಲ ತಿಕ್ಕಬೇಕಾಯಿತು. ಲೀಡರ್ ಹುಡುಗಿ ಬಟ್ಟೆ ಹಿಂಡಿಕೊಟ್ಟಳು. ಅವಳಿಗೆ ನಾನು ಶಿಕ್ಷೆ ಕೊಡಲಿಲ್ಲ. ಕೊಡುವುದಾದರೆ ಮೊದಲು ಆ ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟವಳನ್ನು ಹಿಡಿಯಬೇಕಿತ್ತು. ಹಾಳೆಯಲ್ಲಿದ್ದ ಬಸ್ಕಿ, ಬಿಸಿಲು, ಮೆಣಸಿನಪುಡಿಗಳನ್ನು ಮಕ್ಕಳ ಕೈಯಿಂದಲೇ ಹೊಡೆಸಿಹಾಕಿದೆ. ಕೊಂಚ ಮುನಿಸಿನಿಂದಲೇ ಹೊಡೆದುಹಾಕಿದರು. ಉಳಿದದ್ದು ಮೂರು: ಒಬ್ಬರು ಹೇಳುವಾಗ ಇನ್ನೊಬ್ಬರು ಕೇಳಬೇಕು, ಹಾಲಿನ ಸಾಲಿನಲ್ಲಿ ತಳ್ಳಬಾರದು, ಮಿಸ್ ಮೊಬೈಲ್ ಹೊರಗೆ. ಗುಂಡನನ್ನು ದಿನಕ್ಕೆ ಅರ್ಧ ಗಂಟೆ ಓದಲು ಕಷ್ಟಪಡುವ ಐದು ಮಕ್ಕಳ ಜೊತೆ ದುಂಡಗೆ ಕೂರಿಸಿದೆ.

ಆ ಮೇಲೆ ತರಗತಿ ಶಾಂತವಾಯಿತು ಎಂದು ಬರೆದರೆ ನಮ್ಮ ಪಕ್ಕದ ಕೋಣೆಯ ಮೇಷ್ಟ್ರು ಓದಿ ನಗುತ್ತಾರೆ. “ಏನು ಮೇಡಂ, ಸೋಮವಾರದ ಸಂತೆ ನಿಮ್ಮಲ್ಲಿ ದಿನವೂ ಸೇರುತ್ತದಲ್ಲ” ಎಂದು ವಾರಕ್ಕೊಮ್ಮೆಯಾದರೂ ಹೇಳುತ್ತಾರೆ. ಗುಂಡ ಈಗಲೂ ಮಾತನಾಡುತ್ತಾನೆ. ಒಮ್ಮೊಮ್ಮೆ ಗಂಟಲು ಕಟ್ಟುವವರೆಗೂ ಕೂಗುತ್ತೇನೆ, ಬಲ ಮೂಲೆಯ ಕಡೆ ಕಣ್ಣು ಹೋಗುತ್ತದೆ. ಮೊನ್ನೆ ಪಾಠದ ನಡುವೆ ಫೋನ್ ಅಲುಗಿತು, ಯಾವುದೋ ಸಭೆಯ ಕರೆ. ಕಿವಿಗೆ ಹಿಡಿದುಕೊಂಡೇ ಬಾಗಿಲ ಕಡೆ ನಡೆದವಳು, ಎಷ್ಟೋ ವರ್ಷದ ಅಭ್ಯಾಸ, ತಿರುಗಿ ನಿಂತು ಲೀಡರ್ ಕಡೆ ಬೆರಳು ತೋರಿಸಿ, “ಯಾರಾದರೂ ಮಾತನಾಡಿದರೆ...” ಎಂದು ಶುರುಮಾಡಿ ನಿಲ್ಲಿಸಿದೆ. ಅವಳು ಅರ್ಧ ಎದ್ದಿದ್ದಳು. ತರಗತಿ ಒಂದು ಕ್ಷಣ ಗಪ್‌ಚಿಪ್. ಆಗ ಹಿಂದಿನ ಬೆಂಚಿನಿಂದ, ಒಂದಂಗುಲ ಕೂದಲು ಬಂದ ತಲೆಯೊಂದು ಎದ್ದು, ಕೈ ಎತ್ತಿ, ನಾನು ಹೇಳು ಎನ್ನುವವರೆಗೂ ಕಾದು ಹೇಳಿತು: “ಮಿಸ್, ಮೊಬೈಲ್.”